ನಡುಹಲಗೆ

ಎಡಗೈ ಅಂಗಿಯ ತೋಳಿನೊಳಗೆ ಹೋಗುತ್ತಿರಲಿಲ್ಲ. ಮೈದುನ ಬಲಗಡೆ ತೊಡಿಸಿ ಮುಗಿಸಿದ್ದ. ಈಗ ಅಣ್ಣನ ಎಡಗೈಯನ್ನು ಎತ್ತುತ್ತ, ಬಿಡುತ್ತ, ಬಟ್ಟೆ ಎಳೆಯುತ್ತ ಬೆವರುತ್ತಿದ್ದ. ಎದುರಿಗೆ ದೋಣಿ ಬಡಗಿ ಕಾಲರ್ ಹಿಡಿದುಕೊಂಡು ಕೂತಿದ್ದ.

“ಆ ಕೈ ಮೊದಲು ಹಾಕ್ಬೇಕು,” ಅಂದಳು ಅವಳು ಬಾಗಿಲಲ್ಲಿ ನಿಂತು. “ಭುಜ ಮೇಲೆ ಹೋಗಲ್ಲ. ಪೂರ್ತಿ ಬಿಚ್ಚಿ ಮತ್ತೆ ಹಾಕಿ.”

“ಅತ್ತಿಗೆ, ಈಗಲೂ ಹಠಾನಾ ಇದಕ್ಕೆ?”

“ಬದುಕಿದ್ದಾಗ ಯಾರ ಮಾತೂ ಕೇಳದೋರು ಈಗ ಕೇಳ್ತಾರಾ? ಆಚೆ ಸರಿ ನೀನು.”

ಅವಳೇ ಕೂತು ತೊಡಿಸಿದಳು. ಮೊದಲು ಎಡಗೈ, ಆಮೇಲೆ ಬೆನ್ನು, ಕೊನೆಗೆ ಬಲಗೈ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸ ಅದು. ಮಾತು ಕಡಿಮೆಯಾಗಿತ್ತೇ ಹೊರತು ಅಂಗಿ ತೊಡಿಸುವುದು ನಿಂತಿರಲಿಲ್ಲ. ನಿನ್ನೆ ಬೆಳಿಗ್ಗೆಯೂ ತೊಡಿಸಿದ್ದಳು. ಮಧ್ಯಾಹ್ನ ಉಂಡು ಗೋಡೆಗೆ ಒರಗಿ ಕೂತವನು ಆಮೇಲೆ ಏಳಲಿಲ್ಲ.

“ಗುಂಡಿ ನಾನು ಹಾಕ್ತೀನಿ ಬಿಡಿ ಅಕ್ಕ,” ಅಂದ ಬಡಗಿ. ಅವಳು ಬಿಡಲಿಲ್ಲ.

*

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಮಾಡಿದವನು ಇವರ ಮನೆಗೆ ಬಂದವನಲ್ಲ. ಇವರ ಜಗಳ ಎರಡು ವರ್ಷ ಉಂಡಿತು, ಮಲಗಿತು, ಎದ್ದಿತು.

ಅದಕ್ಕೂ ಮುಂಚೆ ಇಪ್ಪತ್ತೊಂಬತ್ತು ವರ್ಷ ಇಬ್ಬರೂ ಒಂದೇ ದೋಣಿಯಲ್ಲಿ ಮೀನಿಗೆ ಹೋದವರು. ಹದಿನೆಂಟು ಅಡಿಯ ಸಣ್ಣ ದೋಣಿ. ಹಿಂದುಗಡೆ ಎಂಜಿನ್, ಅದಕ್ಕೆ ಅಂಟಿಕೊಂಡ ಹಿಡಿಕೆ. ಅವನು ಅದರ ಪಕ್ಕದಲ್ಲಿ ಕೂತು, ಎಡಗೈ ಹಿಂದೆ ಚಾಚಿ, ಹಿಡಿಕೆ ತಿರುಗಿಸುವನು. ಅವಳು ನಡುಹಲಗೆಯ ಮೇಲೆ ಅವನಿಗೆ ಎದುರಾಗಿ ಕೂತು ಬಲೆ ಬಿಡಿಸುವಳು. ವರ್ಷಾನುಗಟ್ಟಲೆ ಹಿಂದೆ ಚಾಚಿದ ಆ ಕೈ ಭುಜದಲ್ಲಿ ಕಚ್ಚಿಕೊಂಡಿತು. ಹಿಡಿಕೆ ಬಿಡದಿದ್ದರೆ ಕೈ ಬಿಡಬೇಕಾಗುತ್ತದೆ ಅಂದರು ಡಾಕ್ಟರು.

ಎಂಜಿನ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಎಲ್ಲಿಂದಲೋ ಒಂದು ಹಳೆಯ ಸ್ಟೀರಿಂಗ್ ಪೆಟ್ಟಿಗೆ ಹುಡುಕಿ ತಂದಳು. ಎದೆಯೆತ್ತರದ ಪೆಟ್ಟಿಗೆ, ಅದಕ್ಕೊಂದು ಚಕ್ರ, ಅಲ್ಲಿಂದ ಎಂಜಿನ್ನಿಗೆ ಕೇಬಲ್ಲು. ಅದರ ಹಿಂದೆ ನೆಟ್ಟಗೆ ನಿಂತು ಕಾರಿನ ಹಾಗೆ ತಿರುಗಿಸಿದರಾಯಿತು. ಬಡಗಿ ಟೇಪು ಹಿಡಿದು ದೋಣಿಗೆ ಹತ್ತಿದ. ಗಂಡನೂ ಹತ್ತಿದ. ಇಬ್ಬರೂ ಅಳೆದರು, ಏನೋ ಮಾತಾಡಿಕೊಂಡರು. ಗಂಡ ಕೆಳಗಿಳಿದು ಬಂದವನೇ, “ಬೇಡ,” ಅಂದ.

“ಯಾಕೆ?”

“ಸರಿ ಹೋಗಲ್ಲ.”

“ಏನು ಸರಿ ಹೋಗಲ್ಲ? ಭುಜ ಹೋದ್ರೆ ಸರಿ ಹೋಗುತ್ತಾ?”

“ಅಭ್ಯಾಸ ಇಲ್ಲ ಮಾರಾಯ್ತಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ಅವಳದೂ ಅದೇ ಜಾತಿ. ಎಲ್ಲರ ಎದುರಿಗೇ ಹೇಳಿಬಿಟ್ಟಳು: “ಸ್ಟೀರಿಂಗ್ ಹಾಕಿಸೋ ತನಕ ನಾನು ಈ ದೋಣಿ ಹತ್ತಲ್ಲ.”

ಒಬ್ಬನೇ ಎರಡು ದಿನ ಹೋದರೆ ದಾರಿಗೆ ಬರುತ್ತಾನೆ ಅಂದುಕೊಂಡಿದ್ದಳು. ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿದ. “ಆಯ್ತು. ನಿನ್ನಿಷ್ಟ,” ಅಂದ. ಮರುದಿನ ಒಬ್ಬನೇ ಹೋದ, ಅದರ ಮರುದಿನವೂ ಒಬ್ಬನೇ. ತನಗಿಂತ ಆ ಹಿಡಿಕೆಯೇ ಹೆಚ್ಚಾಯಿತಲ್ಲ ಅನ್ನುವುದು ಅವಳ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಯಾರಲ್ಲೂ ಅದನ್ನು ಹೇಳಿಕೊಳ್ಳಲಿಲ್ಲ.

*

ಸ್ಮಶಾನ ನದಿ ಕಡಲು ಸೇರುವ ಅಳಿವೆಯ ಆಚೆ ದಡದಲ್ಲಿತ್ತು. ದೇಹ ಮೈದುನನ ದೊಡ್ಡ ದೋಣಿಯಲ್ಲಿ ಹೋಯಿತು. ಅವಳೂ ಅದರಲ್ಲೇ, ಗಂಡನ ಕಾಲ ಬಳಿ ತಲೆ ತಗ್ಗಿಸಿಕೊಂಡು ಹೋದಳು. ಮಗಳು ಬಡಗಿಯನ್ನು ಕೂರಿಸಿಕೊಂಡು ಅಪ್ಪನ ಸಣ್ಣ ದೋಣಿಯನ್ನು ಹಿಂದೆ ತಂದಳು. ಮಣ್ಣು ಹಾಕಿದ್ದಾಯಿತು. ಎಲ್ಲರೂ ಕೈಕಾಲು ತೊಳೆದು ದಡದಲ್ಲಿ ನಿಂತರು. ಸಾವಿನ ಬಿಗಿ ಸಡಿಲವಾದ ಮೇಲೆ ಜನಕ್ಕೆ ನಗು ಬೇಕಾಗುತ್ತದೆ. ಮೈದುನನಿಗೆ ಎಲ್ಲರಿಗಿಂತ ಮುಂಚೆ ಬೇಕಾಯಿತು.

“ಒಂದ್ಸಲ ನನ್ನ ದೋಣಿ ಸ್ಟೀರಿಂಗ್ ಕೊಟ್ಟಿದ್ದೆ ಅಣ್ಣನ ಕೈಗೆ,” ಅಂದ. “ಹಿಡಿಕೇಲಿ ಎಲ್ಲ ಉಲ್ಟಾ ಅಲ್ವಾ? ಬಲಕ್ಕೆ ತಳ್ಳಿದ್ರೆ ದೋಣಿ ಎಡಕ್ಕೆ ಹೋಗುತ್ತೆ. ಅದೇ ಅಭ್ಯಾಸದಲ್ಲಿ ಚಕ್ರ ತಿರುಗಿಸಿ ಸೀದಾ ಡೀಸೆಲ್ ತುಂಬಿಸೋ ಕಟ್ಟೆಗೆ ಗುದ್ದಿದ. ಇಳಿದು ಏನಂದ ಗೊತ್ತಾ? ‘ನಿನ್ನ ದೋಣಿಗೆ ಬುದ್ಧಿ ಇಲ್ಲ, ಹೇಳಿದ ಕಡೆಗೇ ಹೋಗುತ್ತೆ.’”

ಜನ ನಕ್ಕರು. ಅವಳಿಗೂ ತುಟಿಯಂಚಿಗೆ ಬಂತು.

“ಅದಕ್ಕೇ ಸ್ಟೀರಿಂಗ್ ಬೇಡ ಅಂದಿದ್ದು. ಮರ್ಯಾದೆ ಪ್ರಶ್ನೆ,” ಅಂದ ಮೈದುನ.

ಮಗಳು ಬಡಗಿಯ ಕಡೆ ತಿರುಗಿದಳು. “ಮಾಮ, ಇನ್ಮೇಲೆ ದೋಣಿ ನಾನೇ ತಗೊಂಡು ಹೋಗೋದು. ಆ ಪೆಟ್ಟಿಗೆ ಇನ್ನೂ ಹಿತ್ತಲಲ್ಲೇ ಇದೆ. ಒಂದು ವಾರ ಬಿಟ್ಟು ಕೂರಿಸಿಕೊಡ್ತೀರಾ?”

ಬಡಗಿ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. “ಕೂರಿಸಬಹುದು. ನಿಮ್ಮಮ್ಮನ್ನ ಒಂದು ಮಾತು ಕೇಳು. ನಡುಹಲಗೆ ತೆಗೀಬೇಕಾಗುತ್ತೆ.”

“ಯಾಕೆ ತೆಗೀಬೇಕು?” ಅಂದಳು ಅವಳು.

“ಹದಿನೆಂಟು ಅಡೀಲಿ ಬೇರೆ ಜಾಗ ಎಲ್ಲಿದೆ ಅಕ್ಕ? ಮುಂದಿಟ್ರೆ ಮೂತಿ ಭಾರ. ಹಿಂದಿಟ್ರೆ ಬಲೆಗೆ ಜಾಗ ಇಲ್ಲ. ಹಲಗೆ ಇರೋ ಕಡೆಗೇ ಪೆಟ್ಟಿಗೆ ನಿಲ್ಬೇಕು. ಅವತ್ತೇ ಹೇಳಿದ್ನಲ್ಲ ಅವರಿಗೆ.” ಅವಳ ಮುಖ ನೋಡಿ ಅವನ ದನಿ ತಗ್ಗಿತು. “ನಿಮಗೆ ಹೇಳ್ಲೇ ಇಲ್ವಾ ಕೊನೆಗೂ?”

“ಏನು ಹೇಳ್ಬೇಕಿತ್ತು?”

“ಅಕ್ಕನಿಗೆ ಮುಂದೆ ಒಂದು ಸಣ್ಣ ಮಣೆ ಹೊಡೆದುಕೊಡ್ತೀನಿ ಅಂದೆ. ‘ಮುಂದೆ ಕೂತು ಅಲೆ ನೋಡ್ಕೊಂಡ್ರೆ ನನಗೆ ಅವಳ ಬೆನ್ನು ಕಾಣುತ್ತೆ. ಬೆನ್ನು ನೋಡ್ಕೊಂಡು ಹೋಗೋಕೆ ನಾನೇನು ಕ್ಯೂನಲ್ಲಿ ನಿಂತಿದೀನಾ’ ಅಂದ್ರು. ಅಕ್ಕನಿಗೆ ಹೇಳಿ ಅಂದ್ರೆ, ‘ಹೇಳಿದ್ರೆ ಅವಳೇ ಗರಗಸ ತಗೊಂಡು ಬರ್ತಾಳೆ. ಸಿಟ್ಟು ಇಳಿದ ಮೇಲೆ ತಾನಾಗೇ ಬಂದು ಕೂರ್ತಾಳೆ, ಸುಮ್ನಿರು’ ಅಂದ್ರು.”

ಮಗಳು ನೀರಿನ ಕಡೆ ನೋಡುತ್ತಿದ್ದಳು. “ರಜೆ ದಿನ ನಾನು ಜೊತೇಲಿ ಹೋದ್ರೂ ಹಲಗೆ ಮೇಲೆ ಕೂರೋಕೆ ಬಿಡ್ತಿರ್ಲಿಲ್ಲ,” ಅಂದಳು. “ಮುಂದೆ ಹೋಗು ಅಂತಿದ್ರು.”

ದೊಡ್ಡ ದೋಣಿಯಿಂದ ಮೈದುನ, “ಬನ್ನಿ ಅತ್ತಿಗೆ,” ಅಂತ ಕೈ ಚಾಚಿದ. ಅವಳು ಆ ಕೈ ದಾಟಿ ನಡೆದು, ಸೀರೆ ಎತ್ತಿಕೊಂಡು ಮೊಣಕಾಲುದ್ದ ನೀರಿಗಿಳಿದು, ಸಣ್ಣ ದೋಣಿ ಹತ್ತಿದಳು. ಬಡಗಿ ಅರ್ಥ ಮಾಡಿಕೊಂಡು ದೊಡ್ಡ ದೋಣಿಯ ಕಡೆ ಹೋದ.

*

ಅವನ ಮುಖವೇ ಅವಳಿಗೆ ದಾರಿಯಾಗಿತ್ತು. ಅವನ ಹುಬ್ಬು ಗಂಟಾದರೆ ಮುಂದೆ ಅಲೆ ಏಳುತ್ತಿದೆ. ಅವಳು ಹಲಗೆ ಹಿಡಿದುಕೊಳ್ಳುವಳು. ಗಲ್ಲ ಮೇಲೆತ್ತಿದರೆ ಯಾರದೋ ಬಲೆಯ ಗುರುತಿನ ಬೆಂಡು ಅಡ್ಡ ಬಂದಿದೆ. ಮುಖ ಸಡಿಲವಾಗಿ ಬಾಯಲ್ಲಿ ಬೀಡಿ ಬಂತೆಂದರೆ ಮನೆ ಹತ್ತಿರವಾಯಿತು. ಬಲೆ ಬಿಡಿಸುವ ಕೈಗೆ ತಿರುಗಿ ನೋಡಲು ಪುರುಸೊತ್ತೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಒಮ್ಮೆ ಅವನು, “ಮುಂದೆ ಏನಿದೆ ಅಂತ ನೋಡೋ ಆಸೆ ಇಲ್ವಾ ನಿಂಗೆ?” ಅಂದಿದ್ದ. “ನೋಡೋಕೆ ನೀವಿದೀರಲ್ಲ,” ಅಂದಿದ್ದಳು. ಅವತ್ತು ಅವನು ಎಷ್ಟೋ ಹೊತ್ತು ಸುಮ್ಮಸುಮ್ಮನೆ ಖುಷಿಯಾಗಿದ್ದ.

*

ಮಗಳು ಹಿಡಿಕೆಯ ಪಕ್ಕ ಕೂತು ಎಂಜಿನ್ನಿನ ಹಗ್ಗ ಎಳೆದಳು. ಅವಳು ರೂಢಿಯಂತೆ ನಡುಹಲಗೆಯ ಮೇಲೆ ಹಿಮ್ಮುಖವಾಗಿ ಕೂತಳು. ಹಲಗೆ ಅವಳಿಗೆ ಗೊತ್ತಿದ್ದಷ್ಟೇ ಅಗಲವಿತ್ತು. ಎದುರಿಗೆ ಮಗಳ ಮುಖ, ಮೂಗು ಅವನದು. ನೋಡಲಾಗಲಿಲ್ಲ. ನೋಡದೆ ಇರಲೂ ಆಗಲಿಲ್ಲ. ಏಳುನೂರು ಬೆಳಗು ಈ ಹಲಗೆ ಖಾಲಿಯಾಗಿ ಹೋಗಿ ಖಾಲಿಯಾಗಿ ಬಂದಿತ್ತು. ಒಂದು ಬೆಳಗು ವಾಪಸು ಸಿಕ್ಕಿದರೆ ಸಾಕಿತ್ತು ಅವಳಿಗೆ, ಒಂದೇ ಒಂದು.

“ಅಮ್ಮ,” ಅಂದಳು ಮಗಳು, “ಸ್ಟೀರಿಂಗ್ ಬೇಡ ಬಿಡು. ಹಲಗೆ ಇರ್ಲಿ.”

“ಹಾಕಿಸು.”

“ಅಪ್ಪ ಇದನ್ನ ನಿನಗೋಸ್ಕರ—”

“ನನಗೋಸ್ಕರ ಒಂದು ಭುಜ ಹೋಗಿದ್ದು ಸಾಕು. ನಿನ್ನ ಭುಜ ನಿಂಗಿರ್ಲಿ. ಹಾಕಿಸು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ನ ನೋಡ್ಬೇಡ. ಮುಂದೆ ನೋಡಿ ದೋಣಿ ಬಿಡು.”

ಆದರೆ ಮಗಳು ಅವಳನ್ನೇ ನೋಡುತ್ತಿದ್ದಳು. ದೋಣಿ ಸೊಟ್ಟಗೆ ಹೋಗುತ್ತಿತ್ತು. ಅವಳು ಒಂದು ಕಾಲು ಎತ್ತಿ ಹಲಗೆಯ ಆಚೆ ಇಟ್ಟಳು, ಮೆಲ್ಲನೆ ಇನ್ನೊಂದನ್ನೂ ಇಟ್ಟಳು. ಮಗಳಿಗೆ ಬೆನ್ನು ಮಾಡಿ, ದೋಣಿ ಹೋಗುವ ಕಡೆಗೆ ಮುಖ ಮಾಡಿ ಕೂತಳು.

ಅವರ ದಡ ಎದುರಿನಿಂದ ಬರುತ್ತಿತ್ತು. ಐಸ್ ಕಾರ್ಖಾನೆಯ ಉದ್ದ ಗೋಡೆ, ನೀರಿನ ಟ್ಯಾಂಕು, ಅದರ ಕೆಳಗೆ ಸಾಲು ಮನೆಗಳ ಬೆನ್ನು. ಮೂರನೆಯದು ಅವರದು. ಎರಡು ವರ್ಷ ಅವಳು ದಿನಾ ಆ ಹಿತ್ತಿಲ ಬಾಗಿಲಲ್ಲಿ ನಿಂತು, ಅವನ ದೋಣಿ ಅಳಿವೆಯೊಳಗೆ ಬರುವುದನ್ನು ಕಾದಿದ್ದಳು. ಕಂಡ ಕೂಡಲೇ ಒಳಗೆ ಹೋಗಿ, ಕಾಯದವಳ ಹಾಗೆ ಪಾತ್ರೆಯ ಮುಂದೆ ಕೂರುತ್ತಿದ್ದಳು. ಅಷ್ಟು ದೂರದಿಂದ ಅವನಿಗೆ ಏನು ಕಾಣುತ್ತದೆ ಅನ್ನುವುದು ಅವಳ ಲೆಕ್ಕವಾಗಿತ್ತು.

ದೋಣಿ ಇನ್ನೂ ಅಳಿವೆಯ ನಡುವೆಯೇ ಇತ್ತು. ಹಿತ್ತಿಲ ಬಾಗಿಲು ತೆರೆದಿತ್ತು. ನೆಲ ತೊಳೆಯಲು ಉಳಿದಿದ್ದ ಪಕ್ಕದ ಮನೆಯ ಹೆಂಗಸು ಹೊಸ್ತಿಲ ಮೇಲೆ ನಿಂತು ಬಟ್ಟೆ ಹಿಂಡುತ್ತಿದ್ದಳು. ಬಟ್ಟೆ ಹಳದಿಯೆಂಬುದು ಕಾಣುತ್ತಿತ್ತು. ಆ ಹೆಂಗಸು ಹಣೆಯ ಮೇಲೆ ಕೈ ಅಡ್ಡ ಹಿಡಿದು, ಇವರು ಬರುವುದನ್ನು ನೋಡುತ್ತಿರುವುದೂ ಕಾಣುತ್ತಿತ್ತು.