ಮೊಲದ ಕೂಗಿಗೆ ಬಂದ ತೋಳ

ಬೇವೂರಿನ ಮುತ್ತುರಾಜ ವಾರವಿಡೀ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಭಾನುವಾರ ಬಂತೆಂದರೆ ಮನೆಯಲ್ಲಿ ಅವನ ಕಾಲು ನಿಲ್ಲುತ್ತಿರಲಿಲ್ಲ. ಬೇವೂರಿನಲ್ಲೇ ಕುರಿ ಸಾಕಿಕೊಂಡಿದ್ದ ಮಾವ ಲಕ್ಷ್ಮಪ್ಪನ ಜೊತೆ ಗುಡ್ಡದ ಕಡೆ ಹೋಗಿಬಿಡುತ್ತಿದ್ದ. ಕುರಿ ಮೇಯಿಸಲು ಹೋಗುತ್ತೇವೆ ಎಂದು ಇಬ್ಬರೂ ಹೇಳುತ್ತಿದ್ದರು. ಲಕ್ಷ್ಮಪ್ಪನ ಕಂಬಳಿಯೊಳಗೆ ಮೊಲದ ಬಲೆ ಸುತ್ತಿರುತ್ತಿತ್ತು.

ಮೊಲ ಹಿಡಿಯುವುದು ಅಪರಾಧ ಎಂಬುದು ಇಬ್ಬರಿಗೂ ಗೊತ್ತಿತ್ತು. ಮುತ್ತುರಾಜನ ಹೆಂಡತಿ ಸುಧಾರಾಣಿ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದಳು. ಒಮ್ಮೆ ಗಂಡನನ್ನೂ ಅಪ್ಪನನ್ನೂ ಎದುರಿಗೆ ಕೂರಿಸಿಕೊಂಡು, "ಸರಕಾರಿ ನೌಕರಿ ಮಾಡಾಕಿ ನಾ. ನೀವಿಬ್ರೂ ಸಿಕ್ಕಿಬಿದ್ರ ನನ್ನ ಮಾರಿ ಎಲ್ಲಿಡ್ಲಿ?" ಎಂದು ಜೋರು ಮಾಡಿದ್ದಳು. ಇಬ್ಬರೂ ತಲೆಯಾಡಿಸಿದ್ದರು. ಮುಂದಿನ ಭಾನುವಾರ ಮತ್ತೆ ಹೋಗಿದ್ದರು.

ಮುತ್ತುರಾಜನಿಗೆ ಮಾಂಸದ ಆಸೆಗಿಂತ ಕೂಗುವ ಆಸೆ ಹೆಚ್ಚು. ಎರಡೂ ಅಂಗೈ ಬಾಯಿಗೆ ಹಿಡಿದು, ತುಟಿ ಬಿಗಿದು ಉಸಿರೆಳೆದನೆಂದರೆ ಪೆಟ್ಟು ತಿಂದ ಮರಿಮೊಲದ ಚೀರಾಟವೇ ಹೊರಡುತ್ತಿತ್ತು. ಆ ಕೂಗು ಕೇಳಿದರೆ ತಾಯಿಮೊಲ ಕಂಟಿಯ ಪೊದೆ ಬಿಟ್ಟು ಹೊರಗೆ ಬರುತ್ತದೆ ಎಂಬುದು ಲಕ್ಷ್ಮಪ್ಪನ ನಂಬಿಕೆ. ಅಳಿಯನಿಗೆ ಕಲಿಸಿದವನೂ ಅವನೇ. ಮೊಲ ಬಂದದ್ದಕ್ಕಿಂತ ಬಾರದೇ ಇದ್ದದ್ದೇ ಹೆಚ್ಚು, ಆದರೂ ಇಬ್ಬರ ಉತ್ಸಾಹ ಇಳಿದಿರಲಿಲ್ಲ.

ಹೋಳಿ ಹುಣ್ಣಿಮೆ ಮುಗಿದ ಮೇಲೆ ಬಂದ ಭಾನುವಾರ ಬೆಳಿಗ್ಗೆ ಇಬ್ಬರೂ ಗುಡ್ಡದ ಬುಡಕ್ಕೆ ಹೋದರು. ಲಕ್ಷ್ಮಪ್ಪ ಒಣಗಿದ ಹಳ್ಳಕ್ಕೆ ಅಡ್ಡಲಾಗಿ ಬಲೆ ಕಟ್ಟಿ ಬದುವಿನ ಹಿಂದೆ ಮಲಗಿದ. ಮುತ್ತುರಾಜ ಸ್ವಲ್ಪ ದೂರದಲ್ಲಿ ಕವಳಿ ಕಂಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಕೂಗತೊಡಗಿದ. ಕೂಗುವುದು, ಸುಮ್ಮನಾಗುವುದು, ಮತ್ತೆ ಕೂಗುವುದು. ಅಂದು ಗಂಟಲು ಚೆನ್ನಾಗಿ ಹೊಂದಿಕೊಂಡಿತ್ತು. ತನ್ನ ಕೂಗಿಗೆ ತಾನೇ ಮೆಚ್ಚಿ, ಇನ್ನಷ್ಟು ಮರುಕ ಹುಟ್ಟುವಂತೆ ಎಳೆದ.

ಹಿಂದಿನಿಂದ ಏನೋ ಬಂದು ಅಪ್ಪಳಿಸಿತು. ಮುತ್ತುರಾಜ ಮುಂದಕ್ಕೆ ಮುಗ್ಗರಿಸಿ ಬಿದ್ದ. ಕಂಬಳಿಯ ಸಮೇತ ಎಡ ಮುಂಗೈಗೆ ಹಲ್ಲುಗಳು ಇಳಿದವು. ಹೊರಳಿ ನೋಡಿದರೆ ತೋಳ. ಅದರ ಹಳದಿ ಕಣ್ಣು ಅವನ ಮುಖದ ಹತ್ತಿರವೇ ಇತ್ತು.

"ಯಪ್ಪಾ, ಸತ್ತೇ!" ಎಂದು ಕಿರುಚಿದ.

ಮನುಷ್ಯನ ದನಿ ಕೇಳಿದ್ದೇ ತಡ, ತೋಳ ಕೆಂಡ ತುಳಿದಂತೆ ಹಿಂದಕ್ಕೆ ಜಿಗಿಯಿತು. ಆಚೆ ನಿಂತು ಅವನನ್ನೂ ಕಂಬಳಿಯನ್ನೂ ಒಮ್ಮೆ ನೋಡಿತು. ಮೊಲವೆಲ್ಲಿ ಎಂದು ಹುಡುಕುವಂತೆ ಅತ್ತಿತ್ತ ಮೂಸಿತು. ಆಮೇಲೆ ಬಾಲ ಇಳಿಸಿಕೊಂಡು, ಅವಸರವಿಲ್ಲದೆ ಗುಡ್ಡ ಹತ್ತಿ ಹೋಯಿತು.

ಬಡಿಗೆ ಹಿಡಿದು ಓಡಿಬಂದ ಲಕ್ಷ್ಮಪ್ಪನಿಗೆ ಏದುಸಿರು. "ಲೇ ಮುತ್ತು, ಕೈ ತೋರ್ಸು! ಅಯ್ಯ ಶಿವನ, ರಗತ ಸೋರಾಕತ್ತೈತಿ!" ಎಂದು ತನ್ನ ರುಮಾಲು ಬಿಚ್ಚಿ ಕೈಗೆ ಸುತ್ತಿದ.

ಊರಬಾಗಿಲ ಅಗಸಿಯಲ್ಲೇ ದುರ್ಗಪ್ಪ ಎದುರಾದ. ಅವನದೂ ಕುರಿಯ ಬಾಳು. ಹೋದ ತಿಂಗಳಷ್ಟೇ ತೋಳ ಅವನ ಮರಿಗಳನ್ನು ಹೊತ್ತುಕೊಂಡು ಹೋಗಿತ್ತು. ರಕ್ತ ಕಂಡು, "ಏನಾತಪಾ?" ಎಂದು ಕೇಳಿದ. ಬಲೆಯ ಸುದ್ದಿ ಹೊರಬೀಳಬಾರದೆಂಬ ಗಾಬರಿಯಲ್ಲಿ ಲಕ್ಷ್ಮಪ್ಪ, "ಕುರಿ ಕಾಯ್ಕೋತ ಸುಮ್ಮನ ಕುಂತಿದ್ದ. ತ್ವಾಳ ಬಂದು ಮ್ಯಾಲ ಬಿತ್ತು" ಎಂದುಬಿಟ್ಟ. ಮುತ್ತುರಾಜ ಹೌದೆಂದ.

ಸುಧಾರಾಣಿಗೂ ಅದನ್ನೇ ಹೇಳಿದರು. ಅವಳು ಗಂಡನನ್ನು ನಳದ ಕೆಳಗೆ ಕೂರಿಸಿ ಗಾಯವನ್ನು ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದಳು. ನೀರು ಸುರಿದಷ್ಟೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಮನುಷ್ಯರನ್ನು ಕಂಡರೆ ದೂರ ಸರಿಯುವ ಪ್ರಾಣಿ ಸುಮ್ಮನೆ ಕೂತವನ ಮೇಲೆ ಬೀಳುತ್ತದೆಯೇ? ಹಾಗೆ ಬಿದ್ದರೆ ಅದಕ್ಕೆ ಹುಚ್ಚು ಹಿಡಿದಿರಬೇಕು. ಈ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆರೋಗ್ಯ ಕೇಂದ್ರದಲ್ಲಿ ಮೊದಲ ಸೂಜಿ ಹಾಕಿಸಿ, ಗಾಯಕ್ಕೆ ಹಾಕುವ ಔಷಧಕ್ಕಾಗಿ ಅವನನ್ನು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರೂ ಕೇಳಿದರು: "ಏನೂ ಮಾಡದ ಮೈಮ್ಯಾಲ ಬಂತಾ?"

"ಹೌದ್ರಿ" ಎಂದು ಸುಧಾರಾಣಿಯೇ ಉತ್ತರ ಕೊಟ್ಟಳು. ಗಾಯದ ಸುತ್ತ ಸೂಜಿ ಚುಚ್ಚುವಾಗ ಮುತ್ತುರಾಜ ಹಲ್ಲು ಕಚ್ಚಿಕೊಂಡು ಸಹಿಸಿದ. ಆದರೆ ಅವಳು ಗೋಡೆಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಅವನಿಂದ ಸಹಿಸಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಹೇಳಿದ. "ಸುಧಾ, ಅದು ಹುಚ್ಚ ತ್ವಾಳ ಅಲ್ಲ ಅನಸ್ತೈತಿ."

"ನಿಮಗ ಹ್ಯಾಂಗ ಗೊತ್ತು?"

"ಅದು ತಾನಾಗಿ ಬರ್ಲಿಲ್ಲ. ನಾನ ಕರದೆ. ಕಂಬಳಿ ಹೊತ್ಕೊಂಡು ಮೊಲದಂಗ ಕೂಗಾಕತ್ತಿದ್ದೆ. ಮೊಲ ಅಂತ ಬಂತು. ಮನಷ್ಯಾ ಅಂತ ತಿಳಿದ್ಮ್ಯಾಲ ಬಿಟ್ಟು ಹೋತು."

ಬಯ್ಯುತ್ತಾಳೆಂದು ಅವನು ಕಾದ. ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಅರ್ಧ ಇಳಿದಿತ್ತು.

"ಆದ್ರೂ ಸೂಜಿ ಬಿಡಂಗಿಲ್ಲ" ಎಂದಳು. "ಉಳಿದಾವೆಲ್ಲಾ ನಾನ ಹಾಕ್ತೇನಿ. ಮೆಲ್ಲಕ ಹಾಕ್ತೇನಿ ಅಂತ ಮಾತ್ರ ತಿಳಕೋಬ್ಯಾಡ್ರಿ."

ಬಸ್ಸು ಇಳಿದಾಗ ಸಂಜೆಯಾಗುತ್ತಿತ್ತು. ಬೀರಪ್ಪನ ಗುಡಿಯ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಕೈಯಲ್ಲಿ ಬಡಿಗೆ, ಕೊಡಲಿ. ದುರ್ಗಪ್ಪ ತನ್ನ ಬೇಟೆನಾಯಿ ಮೋತ್ಯಾನನ್ನು ಹಗ್ಗ ಹಿಡಿದು ನಿಲ್ಲಿಸಿಕೊಂಡಿದ್ದ. ಇನ್ನೂ ಹಲವರು ನಾಯಿ ತಂದಿದ್ದರು. ಸುದ್ದಿ ಕೇಳಿ ಬಂದ ಅರಣ್ಯ ಇಲಾಖೆಯ ಗಾರ್ಡ್ ಬಾಬುಸಾಬ ಎಲ್ಲರ ನಡುವೆ ಒಬ್ಬನೇ ನಿಂತು ಕೈಯೆತ್ತಿ ತಡೆಯುತ್ತಿದ್ದ.

"ತ್ವಾಳ ಹೊಡದ್ರ ಎಲ್ಲಾರೂ ಜೈಲಿಗೆ ಹೋಗ್ತೀರಿ ನೋಡ್ರಿ. ನಾ ಸಾಹೇಬರಿಗೆ ಹೇಳೇನಿ, ಅವರು ಬರ್ತಾರ."

"ಅವರು ಬರೂತನಕ ಅದು ಸುಮ್ಮನಿರ್ತೈತೇನು?" ದುರ್ಗಪ್ಪನ ದನಿ ಏರಿತ್ತು. "ಮರಿ ತಿಂದಾಗ ಸುಮ್ಮನಿದ್ದೆ. ಈಗ ಮನಷ್ಯಾರ ರುಚಿ ಹತ್ತೈತಿ. ನಾಳಿ ಸಣ್ಣ ಹುಡುಗ್ರ ಮ್ಯಾಲ ಬಿದ್ರ? ನೋಡ್ರಿ, ಮುತ್ತುರಾಜನ ಕೈ ನೋಡ್ರಿ!"

ಎಲ್ಲರೂ ತಿರುಗಿ ಬ್ಯಾಂಡೇಜು ಕಟ್ಟಿದ ಕೈ ನೋಡಿದರು. ಕಟ್ಟೆಯ ಮೂಲೆಯಲ್ಲಿ ಕೂತಿದ್ದ ಲಕ್ಷ್ಮಪ್ಪ ತಲೆ ಎತ್ತಲಿಲ್ಲ. ಸುಧಾರಾಣಿ ಗಂಡನ ಮುಖ ನೋಡಿದಳು. ಸುಮ್ಮನಿದ್ದರೆ ತನ್ನ ಮರ್ಯಾದೆ ಉಳಿಯುತ್ತದೆ ಎಂದು ಮುತ್ತುರಾಜನಿಗೆ ಗೊತ್ತಿತ್ತು. ಹಿಂದಕ್ಕೆ ಜಿಗಿದು ಮೊಲ ಹುಡುಕಿದ ಆ ಪ್ರಾಣಿಯೂ ನೆನಪಾಯಿತು. ಅವನು ಗುಂಪಿನ ಮುಂದೆ ಬಂದ.

"ದುರ್ಗಪ್ಪಣ್ಣ, ತಪ್ಪು ತ್ವಾಳದ್ದಲ್ಲ. ನಾ ಮೊಲಕ್ಕ ಬಲೆ ಹಾಕಿ ಕೂಗಾಕತ್ತಿದ್ದೆ. ಆ ಕೂಗಿಗೆ ಬಂತು. ಮಾವ ಹೇಳಿದ್ದು ಸುಳ್ಳು, ನಾ ಹೂಂ ಅಂದಿದ್ದೂ ಸುಳ್ಳು."

ಗುಂಪಿನಲ್ಲಿ ಗುಜುಗುಜು ಎದ್ದಿತು. ದುರ್ಗಪ್ಪ ನಂಬಲಿಲ್ಲ. "ಬಾಬುಸಾಬ ಹೆದರ್ಸಿ ಹೇಳ್ಸಾಕತ್ತಾನ. ನೀ ಕೂಗಿದ್ರ ತ್ವಾಳ ಬರ್ತೈತೇನಲೇ? ಅದೇನು ನಿನ್ನ ಬೀಗರೇನು?"

ಮುತ್ತುರಾಜ ಕಟ್ಟೆಯ ಮುಂದೆ ಕುಕ್ಕರಿಸಿದ. ನೋಯುವ ಕೈಯನ್ನು ಹೇಗೋ ಬಾಯಿಗೆ ಹಿಡಿದು, ತುಟಿ ಬಿಗಿದು ಕೂಗಿದ.

ಅದೇ ಎಳೆಯ ಚೀರಾಟ. ಪಕ್ಕದ ಮನೆಯ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿಬಿದ್ದು ಅತ್ತಿತು. ಅಷ್ಟರಲ್ಲಿ ನಾಯಿಗಳೆಲ್ಲ ಒಮ್ಮೆಗೇ ಹಗ್ಗ ಜಗ್ಗಿದವು. ಮೋತ್ಯಾನಂತೂ ದುರ್ಗಪ್ಪನನ್ನು ಧೂಳಿನಲ್ಲಿ ಎಳೆದಾಡಿ, ಹಗ್ಗ ಬಿಡಿಸಿಕೊಂಡು ಬಂದು ಮುತ್ತುರಾಜನ ಎದೆಯ ಮೇಲೆ ಹಾರಿತು. ಅವನು ಅಂಗಾತ ಬಿದ್ದ. ನಾಯಿ ಅವನ ಕೊರಳ ಬಳಿ ಬಾಯಿ ತಂದು, ವಾಸನೆ ಹಿಡಿದು, ಗುರುತು ಹತ್ತಿ ನಿಂತಿತು. ಕಕ್ಕಾಬಿಕ್ಕಿಯಾಗಿ ಎಲ್ಲರ ಮುಖ ನೋಡಿತು. ಆಮೇಲೆ ನಾಚಿದಂತೆ ಬಾಲ ಅಲ್ಲಾಡಿಸಿತು.

ಮೊದಲು ನಕ್ಕವಳು ಸುಧಾರಾಣಿ. ನಂತರ ಕಟ್ಟೆಗೆ ಕಟ್ಟೆಯೇ ನಕ್ಕಿತು. ಬಡಿಗೆ ಊರಿಕೊಂಡು ನಕ್ಕರು, ಕೊಡಲಿ ಕೆಳಗಿಟ್ಟು ನಕ್ಕರು. ಧೂಳು ಕೊಡವಿಕೊಳ್ಳುತ್ತ ಎದ್ದ ದುರ್ಗಪ್ಪ ಮೋತ್ಯಾನ ಕಿವಿ ಹಿಡಿದು, "ಏ ಹುಚ್ಚಪ್ಯಾಲಿ, ನೀನೂ ಮೋಸ ಹೋದೆಲ್ಲ!" ಎಂದ. ಆಮೇಲೆ ತೋಳ ಹೊಡೆಯಲು ಗುಡ್ಡ ಹತ್ತುವ ಮಾತು ಯಾರೂ ಎತ್ತಲಿಲ್ಲ.

ಬಾಬುಸಾಬನೂ ನಕ್ಕ. ನಗು ಮುಗಿದ ಮೇಲೆ, "ಖರೆ ಹೇಳಿದ್ದು ಛಲೋ ಆತು. ಈಗ ಬಲೆ ಎಲ್ಲೈತಿ, ತರ್ರಿ" ಎಂದ. ಲಕ್ಷ್ಮಪ್ಪ ಎದ್ದು ಹೋಗಿ ತಂದುಕೊಟ್ಟ. ಮರುದಿನ ಮಾವ ಅಳಿಯ ಇಬ್ಬರೂ ಅರಣ್ಯ ಕಚೇರಿಗೆ ಹೋಗಿ ಸಾಹೇಬರ ಮುಂದೆ ಕೈಕಟ್ಟಿ ನಿಂತು ಸಾಕಷ್ಟು ಬೈಸಿಕೊಂಡರು. ಇನ್ನೊಮ್ಮೆ ಸಿಕ್ಕರೆ ಕೇಸು ತಪ್ಪಿದ್ದಲ್ಲ ಎಂದು ಸಾಹೇಬರು ಖಡಾಖಂಡಿತವಾಗಿ ಹೇಳಿದರು. ದುರ್ಗಪ್ಪನ ಮರಿಗಳಿಗೆ ಪರಿಹಾರ ಕೇಳುವ ದಾರಿಯನ್ನು ಬಾಬುಸಾಬನೇ ಹೇಳಿಕೊಟ್ಟ.

ಸೂಜಿಗಳನ್ನು ಸುಧಾರಾಣಿಯೇ ಹಾಕಿದಳು. ಹೇಳಿದಷ್ಟು ನೋಯಿಸಲಿಲ್ಲ. ಕೈ ಮಾಯುತ್ತ ಬಂತು. ಕಾರ್ಖಾನೆಯಲ್ಲಿ ಕೆಲವು ಕಾಲ ಗೆಳೆಯರು ಅವನನ್ನು "ಏ ಮೊಲಾ" ಎಂದು ಕರೆದರು. ಅವನೂ ಓಗೊಟ್ಟ.

ಉಗಾದಿ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಲಕ್ಷ್ಮಪ್ಪ, ಮುತ್ತುರಾಜ ಇಬ್ಬರೂ ದುರ್ಗಪ್ಪನ ಕುರಿದಡ್ಡಿಗೆ ಹೋದರು. ಜಾಲಿಮುಳ್ಳು ಕಡಿದು ತಂದು, ಮೂವರೂ ಸೇರಿ ಬೇಲಿಯನ್ನು ಆಳೆತ್ತರಕ್ಕೆ ಏರಿಸಿದರು. ಮಧ್ಯಾಹ್ನ ಸುಧಾರಾಣಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಬೇವಿನ ಮರದ ನೆರಳಲ್ಲಿ ಎಲ್ಲರೂ ಕೂತರು.

"ಇಷ್ಟ ಎತ್ತರ ಸಾಕಲ್ಲ, ಮಾವಾ?" ಎಂದ ಮುತ್ತುರಾಜ.

ಲಕ್ಷ್ಮಪ್ಪ ಬೇಲಿಯನ್ನು ಕಣ್ಣಲ್ಲೇ ಅಳೆದ. "ಸಾಕು. ಆ ಮೂಲ್ಯಾಗ ಸ್ವಲ್ಪ ಸಡ್ಲ ಐತಿ. ಉಂಡಮ್ಯಾಲ ಬಿಗಿ ಮಾಡೂಣು."

"ಮೊದಲ ಉಣ್ರಿ" ಎಂದು ದುರ್ಗಪ್ಪ ತನ್ನ ಮನೆಯಿಂದ ತಂದ ಮಜ್ಜಿಗೆಯ ತಂಬಿಗೆಯನ್ನು ಅವರ ಕಡೆ ಸರಿಸಿದ. ದಡ್ಡಿಯೊಳಗೆ ಮರಿಗಳು ಒಂದಕ್ಕೊಂದು ಒರಗಿ ನಿದ್ದೆ ಮಾಡುತ್ತಿದ್ದವು.