ತಾವು ಸ್ವಲ್ಪ ಕಾಯಬೇಕಾಗುತ್ತೆ

ಆಕೆ ಗಂಡನ ತಲೆ ಬಾಚುತ್ತಿದ್ದಳು. ಬಾಚಿ ಮುಗಿಯುವ ಮೊದಲೇ ಇಬ್ಬರು ಆಳುಗಳು ಸ್ಟ್ರೆಚರ್ ಎತ್ತಿಬಿಟ್ಟರು. ಬಾಚಣಿಗೆ ಗಂಡನ ಕೂದಲಲ್ಲೇ ಉಳಿಯಿತು.

“ಬಾಡಿ ಬರ್ತಾ ಇದೆ, ಸರೀರಿ, ಸರೀರಿ!” ಎಂದು ಮುಂದಿದ್ದವನು ಕೂಗಿದ. ಸ್ಟ್ರೆಚರಿನ ಮೂಲೆ ಬಾಗಿಲಿಗೆ ದಡ್ಡನೆ ಬಡಿಯಿತು.

“ನಿಧಾನಪ್ಪಾ, ಏಟು ಬಿತ್ತಲ್ಲ,” ಎಂದಳು ಆಕೆ.

“ಇದಕ್ಕಿನ್ನೇನ್ ನೋವಾಗತ್ತಾ ಅಜ್ಜಿ? ಕೆಳಗೆ ವ್ಯಾನು ಅಡ್ಡ ನಿಂತಿದೆ, ಜನ ಬಾಯಿಗೆ ಬಂದಂಗೆ ಬೈತಾವ್ರೆ.”

ಬೈಯುತ್ತಿದ್ದದ್ದು ನಿಜ. ಮೇಲಿನ ಮನೆಯವನು ಸ್ಕೂಟರಿನ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಲ್ಲೇ ನಿಂತಿದ್ದ. “ಬೇಗ ಮುಗಿಸ್ರಪ್ಪಾ. ಸತ್ತೋರಿಗೇನು, ಆರಾಮು. ನಾವು ಕೆಲಸಕ್ಕೆ ಹೋಗ್ಬೇಕಲ್ಲ.” ಆಕೆ ಹತ್ತಿರ ಬಂದಾಗಲೂ ಅವನು ಮಾತು ನುಂಗಲಿಲ್ಲ.

ಅದೇ ಮೆಟ್ಟಿಲಲ್ಲಿ ಆಕೆಯ ಗಂಡ ದಿನವೂ ಅವನಿಗೆ ಗೋಡೆಗಂಟಿ ನಿಂತು ದಾರಿ ಬಿಡುತ್ತಿದ್ದರು. “ತಾವು ಮೊದಲು,” ಎನ್ನುತ್ತಿದ್ದರು. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಿಗೆ ಬೂಟು ತೊಡಿಸುವ ಕೆಲಸ ಅವರದು. ಗಿಡ್ಡ ಸ್ಟೂಲಿನ ಮೇಲೆ ಕೂತು, “ತಾವು ಕಾಲು ಕೊಡಿ” ಎಂದು ಕೈಚಾಚಿ ಚಾಚಿ ಆ ಮಾತೇ ನಾಲಿಗೆಗೆ ಅಂಟಿಕೊಂಡಿತ್ತು. ತರಕಾರಿಯವಳಿಗೂ ತಾವು, ಪಕ್ಕದ ಮನೆಯ ಮಗುವಿಗೂ ತಾವು, ದಾರಿಗೆ ಅಡ್ಡ ಮಲಗಿದ ಬೆಕ್ಕಿಗೂ “ತಾವು ಸ್ವಲ್ಪ ಸರೀಬೇಕು.” ಬೀದಿಯವರು ಅವರಿಗೆ ‘ತಾವು’ ಎಂದೇ ಹೆಸರಿಟ್ಟಿದ್ದರು. “ನೋಡೋ, ತಾವು ಬಂತು,” ಎಂದು ಬೆನ್ನ ಹಿಂದೆ ನಗುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ವ್ಯಾನಿನ ಹತ್ತಿರ ಅಂಗಡಿಯ ಚಿಕ್ಕ ಯಜಮಾನ ನಿಂತಿದ್ದ. ಅಪ್ಪನ ಕಾಲದ ಅಂಗಡಿಯನ್ನು ಈಗ ಅವನು ನಡೆಸುತ್ತಿದ್ದ. ಆಕೆಯ ಮೈದುನ ಅವನ ಪಕ್ಕದಲ್ಲಿ ಕೈಕಟ್ಟಿಕೊಂಡು ಕತೆ ಕೇಳುತ್ತಿದ್ದ.

“ಏಣಿ ಮೇಲೆ ನಿಂತಿದ್ರು. ಕೆಳಗಿನಿಂದ ಒಬ್ಬಳು ಹುಡುಗಿ ಚಿಟಿಕೆ ಹೊಡೆದು, ‘ಏಯ್, ಅದಲ್ಲ, ಆ ಮೇಲಿಂದು ತೆಗಿ’ ಅಂದ್ಲು. ಇವರು ತಿರುಗಿ ‘ಆಗಲಿ’ ಅಂತ ತಲೆಬಾಗಿಸೋಕೆ ಹೋದ್ರು ನೋಡಿ, ಏಣಿ ಜಾರ್ತು! ಬಿದ್ದು ರಕ್ತ ಹೋಗ್ತಾ ಇದೆ, ಆಗ್ಲೂ ಅವಳಿಗೆ ಏನಂದ್ರು ಗೊತ್ತಾ? ‘ಕ್ಷಮಿಸಿ, ತಾವು ಸ್ವಲ್ಪ ಕಾಯಬೇಕಾಗುತ್ತೆ.’”

ಮೈದುನ ನಗು ತಡೆಯಲಾರದೆ ಕೆಮ್ಮಿದ. “ಆಮೇಲೆ? ಕಾದ್ಲಾ?”

“ಎಲ್ಲಿ! ಪಕ್ಕದ ಅಂಗಡಿಗೆ ಹೋದ್ಲು.”

ಆಕೆಯನ್ನು ಕಂಡು ಚಿಕ್ಕ ಯಜಮಾನ ಮುಖ ಗಂಭೀರ ಮಾಡಿಕೊಂಡ. ಮೊಬೈಲು ತೆಗೆದು ಮೈದುನನ ಕೈಗಿಟ್ಟು ಶವದ ಪಕ್ಕದಲ್ಲಿ ನಿಂತ. “ಅಜ್ಜಿ, ಸ್ವಲ್ಪ ಆ ಕಡೆ ಹೋಗು. ಫೋಟೋದಲ್ಲಿ ಬರ್ತಾ ಇದೀಯ.”

ಆಕೆ ಆ ಕಡೆ ಹೋದಳು.

*

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಂಜೆ ಗಂಡ ಭುಜ ಹಿಡಿದುಕೊಂಡು ಮನೆಗೆ ಬಂದಿದ್ದರು. ಅಂಗಿ ಬಿಚ್ಚಿದಾಗ ಭುಜದ ಮೇಲೆ ಬೂಟಿನ ಹಿಮ್ಮಡಿಯ ಗುರುತು ನೀಲಿಗಟ್ಟಿತ್ತು.

“ಬೂಟು ಬಿಗಿಯಾಯ್ತು ಅಂತ ಒಬ್ಬರು ಕಾಲು ಝಾಡಿಸಿದ್ರು. ಪಾಪ, ಅವರಿಗೂ ನೋವಾಗಿತ್ತು,” ಎಂದರು.

“ಒದ್ದವನಿಗೆ ಪಾಪ ಅಂತೀರಾ? ಅಲ್ಲೇ ಎದ್ದು ನಾಲ್ಕು ಬೈಯೋದು ತಾನೇ?”

“ಬೈಯೋಕೆ ಬರಬೇಕಲ್ಲ. ಅದೂ ಅಲ್ದೆ ಕೆಳಗೆ ಕೂತಿರೋನು ನಾನು. ಅಲ್ಲಿಂದ ಬೈದ್ರೆ ಮೇಲಿರೋರಿಗೆ ಕೇಳಿಸುತ್ತಾ?”

ಆಕೆಗೆ ನಗು ಬರಲಿಲ್ಲ. ಬಿಸಿನೀರಿನ ಬಟ್ಟೆಯನ್ನು ಭುಜಕ್ಕೆ ಒತ್ತುತ್ತಾ, ಬೇಕೆಂದೇ ಜೋರಾಗಿ ಒತ್ತಿದಳು. “ಇದು ಒಳ್ಳೆತನ ಅಲ್ಲ. ನೀವು ಪುಕ್ಕಲರು. ನಿಮ್ಮ ಮಗಳೂ ಹಾಗೇ ಹೇಳ್ತಾಳೆ.”

ಮಗಳು ಹಾಗೆಂದೂ ಹೇಳಿರಲಿಲ್ಲ.

ಅವರು ಅಂಗಿ ಎಳೆದು ಭುಜ ಮುಚ್ಚಿಕೊಂಡರು. “ಇರಬಹುದು,” ಎಂದರು. “ತಾವು ಊಟ ಮಾಡಿ.”

ಹೆಂಡತಿಗೆ ಅವರು ಯಾವಾಗಲೂ ‘ನೀವು’ ಎನ್ನುತ್ತಿದ್ದರು. ಅಂಗಡಿಯ ಮಾತನ್ನು ಆಕೆಗೆ ಆಡಿದ್ದು ಅದೇ ಮೊದಲು. ಅಂದಿನಿಂದ ಅದನ್ನು ಬಿಡಲೂ ಇಲ್ಲ.

*

ವಿದ್ಯುತ್ ಚಿತಾಗಾರದ ಕಾರಿಡಾರಿನಲ್ಲಿ ಅವರ ಗಾಲಿಮಂಚವೇ ಮುಂದಿತ್ತು. ಒಳಗಿನ ಕುಲುಮೆ ಖಾಲಿಯಾಗಲೆಂದು ಕಾಯುತ್ತಿದ್ದಾಗ ಹಿಂದಿನಿಂದ ದೊಡ್ಡ ಗುಂಪೊಂದು ನುಗ್ಗಿತು. ಕಪ್ಪು ಕನ್ನಡಕದ ದಢೂತಿ ಆಸಾಮಿಯೊಬ್ಬ ತಮ್ಮ ಗಾಲಿಮಂಚವನ್ನು ತಳ್ಳಿಕೊಂಡು ಬಂದು ಇವರದನ್ನು ಗೋಡೆಗೆ ಒತ್ತರಿಸಿ ಮುಂದೆ ನಿಲ್ಲಿಸಿದ.

“ನಮ್ಮವರು ದೂರ ಹೋಗ್ಬೇಕು. ನಿಮ್ದೇನ್ ಅರ್ಜೆಂಟಿಲ್ವಲ್ಲ?”

ಮೈದುನ ಹಲ್ಲು ಬಿಟ್ಟ. “ಆಗ್ಲಿ ಸಾರ್. ನಮ್ಮಣ್ಣ ಬದುಕಿದ್ದಿದ್ರೆ ‘ತಾವು ಮೊದಲು’ ಅಂತ ಅವನೇ ಬಾಗಿಲು ಹಿಡ್ಕೊಂಡು ನಿಂತಿರೋನು!”

ಎಲ್ಲರೂ ನಕ್ಕರು. ಆ ಕಡೆಯವರು ನಕ್ಕರು, ಚಿಕ್ಕ ಯಜಮಾನ ನಕ್ಕ. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಮಗಳ ತುಟಿಯೂ ಒಂದಿಷ್ಟು ಅಲುಗಿತು. ಆಕೆ ಅದನ್ನು ನೋಡಿದಳು.

“ಏಯ್!”

ಆ ದನಿ ತನ್ನದೆಂದು ಆಕೆಗೇ ಮೊದಲು ಗೊತ್ತಾಗಲಿಲ್ಲ.

“ಯಾವನೋ ನೀನು? ಎಳಿಯೋ ಹಿಂದಕ್ಕೆ ನಿನ್ನ ಹೆಣಾನ!”

“ಅಮ್ಮಾ, ಬೇಡ, ಬಿಡು,” ಎಂದು ಮಗಳು ತೋಳು ಹಿಡಿದಳು. ಆಕೆ ಕೊಡವಿಕೊಂಡಳು.

“ಕಿವಿ ಕೇಳಿಸಲ್ವೇನೋ? ತೆಗಿ ಅದನ್ನ! ಇಲ್ಲಾಂದ್ರೆ ನಾನೇ ಕೆಳಕ್ಕೆ ಉರುಳಿಸ್ತೀನಿ!” ಎಂದು ಆ ಗಾಲಿಮಂಚದ ಅಂಚಿಗೆ ಕೈಹಾಕಿ ಎಳೆದೇಬಿಟ್ಟಳು. ಹೊದಿಕೆ ಜಾರಿತು. ಬಿಳಿ ಗಡ್ಡದ ಮುದುಕರೊಬ್ಬರ ಮುಖ ಹೊರಬಿತ್ತು. ಅದರಾಚೆ, ಆ ಗುಂಪಿನ ನಡುವೆ, ತನ್ನದೇ ವಯಸ್ಸಿನ ಹೆಂಗಸೊಬ್ಬಳು ಪ್ಲಾಸ್ಟಿಕ್ ಕುರ್ಚಿಯಿಂದ ಗಾಬರಿಯಲ್ಲಿ ಎದ್ದು ನಿಂತಳು. ಆಕೆ ಅವಳನ್ನೂ ನೋಡಿದಳು, ನೋಡಿಯೂ ಮತ್ತೊಮ್ಮೆ ಎಳೆದಳು.

“ಆಯ್ತಮ್ಮ, ಆಯ್ತು. ನೀವೇ ಮೊದ್ಲು ಹೋಗಿ,” ಎಂದ ಕಪ್ಪು ಕನ್ನಡಕದವನು. ಕನ್ನಡಕ ತೆಗೆದೇ ಹೇಳಿದ. ಇಡೀ ದಿನ ಕೂಗಾಡಿದ್ದ ಆಳುಗಳು ಈಗ ಒಂದೂ ಮಾತಿಲ್ಲದೆ ಗಾಲಿಮಂಚವನ್ನು ಮೆಲ್ಲಗೆ, ಬಾಗಿಲಿಗೆ ಎಲ್ಲೂ ತಾಗದಂತೆ ಒಳಗೆ ನೂಕಿದರು. ಚಿಕ್ಕ ಯಜಮಾನ ಮೊಬೈಲನ್ನು ಜೇಬಿಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿದ. ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮೈದುನ ಎತ್ತಲೋ ಓಡಿ, ಆ ಹೆಂಗಸು ಬಿಟ್ಟೆದ್ದ ಕುರ್ಚಿಯನ್ನೇ ಎಳೆದು ತಂದು, ಕರವಸ್ತ್ರದಿಂದ ಒರೆಸಿದ.

“ಅತ್ತಿಗೆ, ಸುಧಾರಿಸ್ಕೊಳ್ಳಿ. ಏನಾದ್ರೂ ಬೇಕಾ ನಿಮಗೆ?”

ಆಕೆ ಕೂತಳು.

“ನೀರು ತಗೊಂಬಾ,” ಎಂದಳು.

ಅವನು ಓಡಿದ. ಎದುರಿಗೆ ಆ ಹೆಂಗಸು ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತು, ಇನ್ನೊಂದು ಕೈಯಿಂದ ತನ್ನ ಗಂಡನ ಮುಖಕ್ಕೆ ಬಟ್ಟೆ ಎಳೆಯುತ್ತಿದ್ದಳು. ಬಟ್ಟೆ ಮತ್ತೆ ಮತ್ತೆ ಜಾರುತ್ತಿತ್ತು. ಆಕೆ ನೀರಿಗಾಗಿ ಕೈಚಾಚಿ ಕೂತೇ ಇದ್ದಳು.