ಇಬ್ಬರ ಬೆರಕೆ ಸೊಪ್ಪು

ಮಂಚೇನಹಳ್ಳಿಯ ಕಡೆ ಯಾರಾದರೂ ಅಮ್ಮಾಜಮ್ಮನ ವಯಸ್ಸು ಕೇಳಿದರೆ ಅವಳ ಉತ್ತರ ಒಂದೇ: "ನೀನೇ ಹೇಳಪ್ಪ, ಎಷ್ಟು ಕಾಣ್ತೈತೆ?" ಕೇಳಿದವರು ಐವತ್ತೈದು ಎನ್ನುವರು, ಬಹಳವೆಂದರೆ ಅರವತ್ತು. ಎಪ್ಪತ್ತು ದಾಟಿದೆ ಎಂದು ಒಬ್ಬರೂ ಅಂದವರಿಲ್ಲ. ಅಂದಿದ್ದರೆ ಅಂಥವರಿಗೆ ಆ ಮನೆಯಲ್ಲಿ ಕಾಫಿ ಸಿಗುತ್ತಿತ್ತೋ ಇಲ್ಲವೋ ನನಗಂತೂ ಅನುಮಾನ.

ಒಮ್ಮೆ ಮಹಿಳಾ ಸಂಘದ ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿ ಗುಟ್ಟು ಕೇಳಿದರು. "ಗುಟ್ಟೇನೈತೆ ಕಣ್ರಮ್ಮ? ಬೆಳಿಗ್ಗೆ ರಾಗಿ ಅಂಬ್ಲಿ, ಮಧ್ಯಾಹ್ನ ಮುದ್ದೆ, ಸೊಪ್ಪು. ರಾತ್ರಿ ಹೊಟ್ಟೇಲಿ ಒಂಚೂರು ಜಾಗ ಬಿಟ್ಟು ಏಳ್ಬೇಕು. ಯಾರ್ ಮೇಲೂ ಹೊಟ್ಟೆ ಉರ್ಕೋಬಾರ್ದು. ಎದ್ದ ತಕ್ಷಣ, ಇವತ್ತು ಏನೋ ಒಳ್ಳೇದು ಕಾದೈತೆ ಅಂದ್ಕೋಬೇಕು. ಅಷ್ಟೇ!" ಎಂದಳು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಅವಳಿಗೆ ಅಂಬಲಿಗಿಂತ ರುಚಿಯಾಗಿತ್ತು. ಹಾಗಾಗಿಯೇ, ಕಣ್ಣಿನ ಶಿಬಿರದಲ್ಲಿ ಡಾಕ್ಟರು "ಎರಡೂ ಕಣ್ಣಿಗೆ ಪೊರೆ ಬಂದಿದೆಯಮ್ಮ, ಆಪರೇಷನ್ ಮಾಡಿಸಿಬಿಡಿ" ಎಂದಾಗ ಅವಳು ಆ ಮಾತನ್ನು ಮನೆಯವರಿಗೂ ಹೇಳದೆ ನುಂಗಿಕೊಂಡಳು. ಅದು ಮುದುಕಿಯರಿಗೆ ಬರುವ ಕಾಯಿಲೆ, ತನಗೆ ಬಂದಿದೆ ಎಂದು ಊರಿಗೆಲ್ಲ ಸಾರುವುದು ಯಾಕೆ?

ಮಳೆ ಬಿಟ್ಟ ಒಂದು ಸಂಜೆ ಚಿಂತಾಮಣಿಯಿಂದ ಕಲ್ಯಾಣಿ ಫೋನು ಮಾಡಿದಳು. ಕಲ್ಯಾಣಿ ಎಂದರೆ ಅಮ್ಮಾಜಮ್ಮನ ಬಾಲ್ಯದ ಗೆಳತಿ ಮುನಿಶಾಮಮ್ಮನ ಮಗಳು, ಅಲ್ಲಿ ಬ್ಯಾಂಕಿನಲ್ಲಿ ಕೆಲಸ.

"ದೊಡ್ಡಮ್ಮ, ಅಮ್ಮ ಎದ್ದೇಳ್ತಾನೇ ಇಲ್ಲ. ಡಾಕ್ಟ್ರು ರೋಗ ಏನೂ ಇಲ್ಲ ಅಂತಾರೆ. ಅಪ್ಪ ಹೋದಾಗಿಂದ ಗೋಡೆ ಕಡೆ ತಿರುಗಿ ಮಲಗಿದ್ದೇ ಮಲಗಿದ್ದು. ಎರಡು ತುತ್ತು ತಿಂದು ತಟ್ಟೆ ತಳ್ತಾಳೆ. ಹಿಂಗೇ ಆದ್ರೆ ಅಮ್ಮ ನಮಗೆ ಉಳಿಯಲ್ಲ. ನೀವಾದ್ರೂ ಬಂದು ಒಂದ್ ಮಾತು ಹೇಳಿ."

"ಅಳಬೇಡ ಕಣಮ್ಮ. ನಾಳೇನೇ ಬರ್ತೀನಿ. ಅವಳು ಹೆಂಗ್ ಏಳಲ್ವೋ ನಾನೂ ನೋಡ್ತೀನಿ," ಎಂದಳು ಅಮ್ಮಾಜಮ್ಮ. ಫೋನಿಟ್ಟ ಮೇಲೆ ಮಾತ್ರ ದೀಪ ಹಚ್ಚುವುದನ್ನೂ ಮರೆತು ಕುಳಿತಳು. ಮುನಿಶಾಮಮ್ಮ ಇಲ್ಲದ ಲೋಕವನ್ನು ಅವಳು ಯೋಚಿಸಿಯೇ ಇರಲಿಲ್ಲ.

ಇಬ್ಬರೂ ತೊಂಡೇಬಾವಿಯ ಹುಡುಗಿಯರು, ಆಗಿನ್ನೂ ಬರೀ ಅಮ್ಮಾಜಿ, ಮುನಿಶಾಮಿ. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಲಂಗ ಎತ್ತಿ ಕಟ್ಟಿಕೊಂಡು ಬೆರಕೆ ಸೊಪ್ಪಿಗೆ ಓಟ. ಬಿತ್ತದೆ, ನೀರು ಹಾಯಿಸದೆ ಹೊಲದ ಬದುಗಳಲ್ಲಿ ತಾನಾಗಿ ಬರುವ ಅಣ್ಣೆ, ಗೋಣಿ, ಗಣಿಕೆ, ಕೀರೆ, ಕೊಮ್ಮೆ, ಎಲ್ಲ ಸೇರಿದರೆ ಅದೇ ಬೆರಕೆ ಸೊಪ್ಪು. ಕೀಳುವವಳು ಒಬ್ಬಳಾದರೆ ಆರಿಸುವವಳು ಇನ್ನೊಬ್ಬಳಾಗಬೇಕು, ಅದು ಆ ಊರಿನ ಪದ್ಧತಿ. ಕಿತ್ತವಳ ಕಣ್ಣಿಗೆ ತಾನು ಕಿತ್ತದ್ದೆಲ್ಲ ಚಿನ್ನದಂತೆ ಕಾಣುತ್ತದಲ್ಲ, ಅದಕ್ಕೇ. ಅಮ್ಮಾಜಿ ಬಿರುಗಾಳಿಯ ಹಾಗೆ ಕೀಳುತ್ತ ಹೋಗುವಳು. ಮುನಿಶಾಮಿ ರೈಲ್ವೆ ಹಳಿಯ ಪಕ್ಕದ ಹೊಂಗೆಯ ನೆರಳಲ್ಲಿ ಕುಳಿತು, ಒಂದೊಂದೇ ಎಲೆ ತಿರುವಿ, ಬಲಿತದ್ದು, ಹುಳ ಹಿಡಿದದ್ದು, ತಿನ್ನಬಾರದ್ದು ಬೇರೆ ಮಾಡುವಳು. ರೈಲು ಬಂದರೆ ಇಬ್ಬರೂ ಎದ್ದು ಕೈ ಬೀಸುವರು. ಮೊದಲ ಹಿಡಿ ಸೊಪ್ಪು ಬಾಣಂತಿ ಇದ್ದ ಮನೆಗೆ, ಉಳಿದದ್ದು ತಮ್ಮ ಮನೆಗೆ. ಆ ಸೊಪ್ಪಿನ ಬಸ್ಸಾರು, ಮೇಲೆ ಹಸಿ ಈರುಳ್ಳಿ, ಬಿಸಿ ಮುದ್ದೆ! ಅಂಥ ಹಸಿವು ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ.

ಮರುದಿನ ಬೆಳಕು ಹರಿಯುವ ಮುಂಚೆಯೇ ಅಮ್ಮಾಜಮ್ಮ ನಲ್ಲಪ್ಪನ ಹೊಲದ ಬದುವಿನಲ್ಲಿದ್ದಳು. ವರ್ಷಗಳಿಂದ ಬಲ್ಲ ಬದು. ಕಣ್ಣಿಗೆ ಎಲ್ಲ ಮಂಜು ಮಂಜು, ಆದರೆ ಕೈಗೆ ಅಭ್ಯಾಸವಿತ್ತು. ಚೀಲ ತುಂಬಿಸಿಕೊಂಡು ಬಸ್ಸು ಹತ್ತಿದಳು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟ ದಾಟುವವರೆಗೆ ಗೆಳತಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಲೇ ಇದ್ದಳು. ಕಿಟಕಿಯಾಚೆ ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟ ಹಸಿರು ಮಬ್ಬಾಗಿ ಹಿಂದೆ ಸರಿದವು. 'ಮನಸ್ಸು ಗಟ್ಟಿ ಮಾಡ್ಕೊ, ಹೋದವ್ರು ಬರಲ್ಲ, ಇರೋ ದಿನ ನಗ್ತಾ ಇರ್ಬೇಕು.' ಸಂಘದಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತುಗಳು ಇಲ್ಲಿ ಕೈಕೊಡುತ್ತವೆಯೇ?

ಕೈಕೊಟ್ಟವು. ಮುನಿಶಾಮಮ್ಮ ಮಂಚದಲ್ಲಿ ಒಣಗಿದ ಕಡ್ಡಿಯಂತೆ ಮಲಗಿದ್ದಳು. ಅಮ್ಮಾಜಮ್ಮ ಹೇಳಬೇಕಾದ್ದೆಲ್ಲ ಹೇಳಿದಳು, ನಗಿಸಲು ನೋಡಿದಳು, ಗದರಿದಳು. "ಏಮೇ, ಇಷ್ಟು ದೂರದಿಂದ ಬಂದಿದ್ದೀನಿ, ಮುಖಾನಾದ್ರೂ ತೋರ್ಸೇ!"

"ನಿಂಗೇನಮ್ಮ, ಇನ್ನೂ ಹುಡುಗಿ ಇದ್ದಂಗಿದ್ದೀಯ," ಎಂದಳು ಮುನಿಶಾಮಮ್ಮ ಗೋಡೆಗೆ. "ನಂದು ಮುಗೀತು. ಬಿಟ್ಬಿಡು."

ಅಮ್ಮಾಜಮ್ಮ ಇನ್ನೇನು ಮಾಡಲೂ ತೋಚದೆ ಚೀಲದ ಸೊಪ್ಪನ್ನೆಲ್ಲ ನೆಲದ ಮೇಲೆ ಸುರಿದಳು. ಕಲ್ಯಾಣಿ ಪಾತ್ರೆ ತಂದು ಸೊಪ್ಪು ತೊಳೆಯಲು ಕುಳಿತಳು. ಅಮ್ಮಾಜಮ್ಮ ಒಂದು ಹಿಡಿ ತೆಗೆದು ಗೆಳತಿಯ ಅಂಗೈಗೆ ತುರುಕಿದಳು. "ಮೂಸಿ ನೋಡೇ. ನಮ್ಮ ಕಡೆ ಸೊಪ್ಪು."

ಮುನಿಶಾಮಮ್ಮ ಸುಮ್ಮನೆ ಮೂಗಿನ ಹತ್ತಿರ ತಂದಳು. ಮತ್ತೆ ಮೂಸಿದಳು. ಮಗ್ಗುಲು ತಿರುಗಿ ಎಲೆಯನ್ನು ಬೆಳಕಿಗೆ ಹಿಡಿದಳು. ಮರುಕ್ಷಣ ಎದ್ದು ಕುಳಿತುಬಿಟ್ಟಳು.

"ಇದೆಲ್ಲಿ ಕಿತ್ತೆ?"

"ನಲ್ಲಪ್ಪನ ಬದೂನಲ್ಲಿ. ಯಾಕೆ?"

"ಕಲ್ಯಾಣಿ, ಮುಟ್ಟಬೇಡ! ಮೊದ್ಲು ಕೈ ತೊಳ್ಕೊ, ಸೋಪ್ ಹಾಕಿ!" ಮುನಿಶಾಮಮ್ಮ ಮಂಚದಿಂದ ಇಳಿದು ಸೊಪ್ಪಿನ ರಾಶಿಯ ಮುಂದೆ ಕುಕ್ಕರಿಸಿದಳು. "ಸುಳಿ ನೋಡೇ, ಎಲ್ಲಾ ಸುಟ್ಟು ಮುದುರ್ಕೊಂಡೈತೆ. ಅಂಚು ಹಳದಿ ಆಗೈತೆ. ಕಳೆ ಸಾಯ್ಲಿ ಅಂತ ಔಷ್ದಿ ಹೊಡ್ದವ್ರೆ. ಮೂಗಿನ ಹತ್ರ ಹಿಡಿದ್ರೆ ನಾರ್ತೈತೆ. ನಿಂಗೆ ಕಾಣ್ಲಿಲ್ವಾ?"

"ಕತ್ತಲು... ಅವಸರ..." ಎಂದಳು ಅಮ್ಮಾಜಮ್ಮ.

ಮುನಿಶಾಮಮ್ಮ ಒಂದು ಎಲೆಯನ್ನು ಎತ್ತಿ ಹಿಡಿದಳು. "ಇದ್ಯಾವ ಸೊಪ್ಪು, ಹೇಳು."

ಅಮ್ಮಾಜಮ್ಮ ಕಣ್ಣು ಕಿರಿದು ಮಾಡಿದಳು. "ಗಣಿಕೆ."

"ಅಣ್ಣೆ ಕಣೇ."

ಬದುಕಿಸುತ್ತೇನೆಂದು ಬಂದವಳು ತನ್ನ ಕೈಯಾರೆ ವಿಷ ಹೊತ್ತು ತಂದಿದ್ದಳು. ಆರಿಸುವವರಿಲ್ಲದೆ ಸೊಪ್ಪು ತರಬಾರದೆಂಬ ತೊಂಡೇಬಾವಿಯ ಪದ್ಧತಿಯನ್ನು ಎಷ್ಟು ವರ್ಷದಿಂದ ಮರೆತಿದ್ದಳೋ! ಎಲ್ಲ ತನಗೇ ಗೊತ್ತು, ತನ್ನ ಕೈ ಸಾಕು ಎಂಬ ಬಿಗುಮಾನ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಳಿಸಿದಳು.

"ಪೊರೆ ಬಂದೈತೆ ಕಣೇ. ಎರಡೂ ಕಣ್ಣಿಗೆ. ಹೇಳಿದ್ರೆ ಎಲ್ರೂ ಮುದುಕಿ ಅಂತಾರೆ ಅಂತ..."

ಮುನಿಶಾಮಮ್ಮ ಅವಳನ್ನೇ ನೋಡಿದಳು. ಆಮೇಲೆ ಕಲ್ಯಾಣಿ ತಿಂಗಳುಗಟ್ಟಲೆ ಕೇಳದ ಸದ್ದೊಂದು ಆ ಮನೆಯಲ್ಲಿ ಕೇಳಿತು. ಮುನಿಶಾಮಮ್ಮ ನಗುತ್ತಿದ್ದಳು.

"ಅಂದ್ರೆ ಅನ್ಲಿ ಬಿಡೇ! ಮುದುಕೀರೇ ಅಲ್ವೇನೇ ನಾವು?"

ಸೊಪ್ಪನ್ನು ಹಸುಕರು ಬಾಯಿ ಹಾಕದ ಹಾಗೆ ಗುಂಡಿ ತೋಡಿ ಹೂಳಬೇಕೆಂದು ಕಲ್ಯಾಣಿಗೆ ಹೇಳಿ, ಮುನಿಶಾಮಮ್ಮ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೊರಟಳು. ಮಲಗಿ ಮಲಗಿ ಅವಳ ಕಾಲುಗಳು ನಡುಗುತ್ತಿದ್ದವು. ಅಮ್ಮಾಜಮ್ಮ ಅವಳ ರಟ್ಟೆ ಹಿಡಿದಳು. ಹಿತ್ತಲಿನ ನುಗ್ಗೆ ಗಿಡ ಎಳೆಯ ಚಿಗುರು ಬಿಟ್ಟಿತ್ತು, ಕಾಂಪೌಂಡಿನ ಬುಡದಲ್ಲಿ ಕೊಮ್ಮೆ ಹಬ್ಬಿತ್ತು. ಕಣ್ಣು ಕಾಣುವವಳು ತೋರಿಸಿದಳು, ಕಾಲು ಗಟ್ಟಿ ಇರುವವಳು ಬಗ್ಗಿ ಕಿತ್ತಳು. ನಡುನಡುವೆ ತೊಂಡೇಬಾವಿಯ ಮಾತು ಬಂತು, ಹಳಿಯ ಪಕ್ಕದ ಹೊಂಗೆಯ ಮಾತು ಬಂತು, ರೈಲಿನ ಕಿಟಕಿಯಿಂದ ಕೈ ಬೀಸಿ ಹೋದ ಯಾವನೋ ಮೀಸೆಯವನ ಮಾತೂ ಬಂತು. ಅವನು ಕೈ ಬೀಸಿದ್ದು ಯಾರಿಗೆ ಎಂಬ ಜಗಳ ಆವತ್ತೂ ತೀರಲಿಲ್ಲ.

ಮಧ್ಯಾಹ್ನ ಮೂವರೂ ನೆಲದ ಮೇಲೆ ಊಟಕ್ಕೆ ಕುಳಿತರು. ಬಸ್ಸಾರಿನ ಹಬೆ ಮುಖಕ್ಕೆ ಹೊಡೆಯಿತು. ಕಲ್ಯಾಣಿ ಅಮ್ಮನ ತಟ್ಟೆಯನ್ನೇ ನೋಡುತ್ತಿದ್ದಳು. ಮುನಿಶಾಮಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಆಪರೇಷನ್ ಮುಗಿಯೋವರ್ಗೂ ನೀನು ಒಬ್ಳೇ ಸೊಪ್ಪಿಗೆ ಹೋದೆ ಅಂದ್ರೆ ನೋಡು. ಮನೇಲಿ ಮಕ್ಳು ಮರಿ ಇದ್ದಾರೆ, ಬುದ್ಧಿ ಬೇಡ್ವಾ? ನಾಳೆ ನಿನ್ ಜೊತೆ ನಾನೂ ಬರ್ತೀನಿ. ಆಸ್ಪತ್ರೆಗೆ ನಾನೇ ಕರ್ಕೊಂಡ್ ಹೋಗ್ತೀನಿ."

"ನೀನು ಹೆಂಗಮ್ಮ ಹೋಗ್ತೀಯ?" ಎಂದಳು ಕಲ್ಯಾಣಿ. "ಬಸ್ ಹತ್ತೋಕೆ ನಿಂಗೆ ಶಕ್ತಿ ಎಲ್ಲೈತೆ?"

ಬಸ್ಸಿನುದ್ದಕ್ಕೂ ಜೋಡಿಸಿದ್ದ ಅಷ್ಟೂ ಧೈರ್ಯದ ಮಾತು ಮಾಡಲಾಗದ ಕೆಲಸವನ್ನು ಅಮ್ಮಾಜಮ್ಮನ ಕುರುಡುಗಣ್ಣು ಮಾಡಿತ್ತು.

ಮುನಿಶಾಮಮ್ಮ ಬೆರಳು ಚೀಪಿ, ಬರಿದಾದ ತಟ್ಟೆಯನ್ನು ಮಗಳ ಕಡೆ ಸರಿಸಿದಳು.

"ಅದಕ್ಕೇ ಕೇಳ್ತಿರೋದು. ಇನ್ನರ್ಧ ಮುದ್ದೆ ಹಾಕೇ."